ಎಣಿಸದ ಹಿಂಡು

ಕಲ್ಲೋಳಿ ಸಾಲೆಯ ಕಾಗದಪತ್ರ ನೋಡಲು ಮುರಿಗೆಪ್ಪ ವಕೀಲ ಬಂದ ದಿನ ಹುಡುಗರಿಗೆ ರಜೆ ಕೊಟ್ಟಿದ್ದರು. ವಕೀಲನ ಮರ್ಯಾದೆಗೆಂದಲ್ಲ, ಅವನನ್ನು ಕೂಡ್ರಿಸಲು ಬೇರೆ ಕೋಣೆ ಇರಲಿಲ್ಲ. ಮಣೆಗಳನ್ನು ಗೋಡೆಗೆ ಒಟ್ಟಿ, ಮಾಸ್ತರರ ಮೇಜನ್ನು ನಡುವೆ ಎಳೆದು, ಅದರ ಮೇಲೆ ಒಂದು ತಂಬಿಗೆ ನೀರು ಇಟ್ಟಿದ್ದರು. ಕರಿ ಹಲಗೆಯ ಮೇಲೆ ಹಿಂದಿನ ದಿನದ ಭಾಗಾಕಾರ ಹಾಗೇ ಉಳಿದಿತ್ತು.

ಗೋಕಾಕದ ವಿದ್ಯಾ ಮಂಡಳಿಗೆ ಆಗ ಕಾಲೇಜಿನ ಹುಚ್ಚು ಹಿಡಿದಿತ್ತು. ಯುದ್ಧ ನಡೆದಿತ್ತು, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಮೋಟಾರುಗಳು ಇದ್ದಿಲ ಹೊಗೆಯ ಮೇಲೆ ಓಡುತ್ತಿದ್ದವು. ಆದರೂ ಕಾಲೇಜು ಬೇಕು. ಬೇಕೆನ್ನುವುದರಲ್ಲಿ ತಪ್ಪೇನೂ ಇರಲಿಲ್ಲ. ಮ್ಯಾಟ್ರಿಕ್ ಪಾಸಾದ ಹುಡುಗ ಮುಂದೆ ಓದಬೇಕಾದರೆ ಬೆಳಗಾವಿಗೋ ಕೊಲ್ಲಾಪುರಕ್ಕೋ ಹೋಗಿ ಮನೆಮನೆಯ ವಾರಾನ್ನ ಉಣ್ಣಬೇಕಿತ್ತು. ಆದರೆ ವಿಶ್ವವಿದ್ಯಾಲಯದವರು ಪರವಾನಗಿ ಕೊಡುವ ಮೊದಲು ಆಸ್ತಿ ಕೇಳುತ್ತಿದ್ದರು: ಹೊಲ, ಕಟ್ಟಡ, ನಡೆಯುತ್ತಿರುವ ಸಾಲೆಗಳು. ಮಂಡಳಿಯ ಕೈಯಲ್ಲಿ ಅಷ್ಟು ಇರಲಿಲ್ಲ. ಹಾಗಾಗಿ ಅದು ಸುತ್ತಲಿನ ಚಿಕ್ಕ ಸಂಘಗಳ ಸಾಲೆಗಳನ್ನು ಆಸ್ತಿ ಸಮೇತ ತನ್ನೊಳಗೆ ಸೇರಿಸಿಕೊಳ್ಳತೊಡಗಿತ್ತು. ಸೇರಿಸುವ ಕಾಯ್ದೆಯ ಕೆಲಸ ಹುಕ್ಕೇರಿಯಲ್ಲಿ ವಕೀಲಿ ಮಾಡುತ್ತಿದ್ದ ಮುರಿಗೆಪ್ಪನದು. ಮೂಡಲಗಿಯದು ಮುಗಿದಿತ್ತು. ಬೆಲ್ಲದ ಬಾಗೇವಾಡಿ ಅವನ ಸ್ವಂತ ಊರು, ಅಲ್ಲಿಯದು ಒಂದು ಹೋಳಿಗೆ ಊಟದಲ್ಲಿ ಮುಗಿಯಿತು. ಕಾಲೇಜು ಆದರೆ ಅದರ ಕಾಯಂ ವಕೀಲ ನೀನೇ ಎಂದು ಮಂಡಳಿಯ ಹಿರಿಯರು ಹೇಳಿದ್ದರು. ಪುಣೆಯಲ್ಲಿ ಕಾಯ್ದೆ ಓದುವಾಗ ಮುರಿಗೆಪ್ಪ ತಾನೂ ವಾರಾನ್ನ ಉಂಡವನು. ಯಾವ ಮನೆಯಲ್ಲಿ ಸಾರು ಹಳಸಿರುತ್ತಿತ್ತು ಎಂಬುದು ಅವನಿಗೆ ಇನ್ನೂ ನೆನಪಿತ್ತು.

ಕಲ್ಲೋಳಿ ಸಂಘದ ಅಧ್ಯಕ್ಷ ಕೆಂಚಪ್ಪ ಬೆಲ್ಲದ ವ್ಯಾಪಾರಿ. ಕಾಲೇಜಿನ ಕಮಿಟಿಯಲ್ಲಿ ಅವನಿಗೊಂದು ಕುರ್ಚಿ ಎಂದು ಮಾತಾಗಿತ್ತು. ಅವನು ವಕೀಲನ ಬಾಜೂ ಕೂತು ಸದಸ್ಯರ ಹೆಸರು ಓದಿ ಹೇಳುತ್ತಿದ್ದ.

"ಶೆಟ್ಟೆಪ್ಪ, ಬೀರಸಿದ್ದಪ್ಪ... ಯಾರ್ರಿ ಇವ್ರು?" ಎಂದ ಮುರಿಗೆಪ್ಪ.

"ಕುರುಬ್ರು. ಹಟ್ಟಿ ಮಂದಿ. ಸಂಘ ಕಟ್ಟಿದ ಹಳೀ ಮಾಸ್ತರು ಸೇರಿಸ್ಯಾರ. ಶೆಟ್ಟೆಪ್ಪ ಅವರ ಹಿರ್ಯಾ."

"ಇವ್ರ ಸಂಖ್ಯಾ ಭಾಳ ಐತಲ್ಲ?"

"ಅರ್ಧಕ್ಕ ಒಂಚೂರು ಕಮ್ಮಿ."

ಮುರಿಗೆಪ್ಪ ಬರೆಯುತ್ತಿದ್ದ ಟಾಕನ್ನು ಕೆಳಗಿಟ್ಟ. ಒಂದು ಸಂಘ ಇನ್ನೊಂದರಲ್ಲಿ ಸೇರಬೇಕಾದರೆ ಸದಸ್ಯರಲ್ಲಿ ಐದಕ್ಕೆ ಮೂರು ಪಾಲು ಜನ ಒಪ್ಪಬೇಕು. ಅದೂ ಒಂದು ತಿಂಗಳ ಅಂತರದಲ್ಲಿ ಎರಡು ಸಭೆಗಳಲ್ಲಿ ಒಪ್ಪಬೇಕು. ಕಾಯ್ದೆ ಹಾಗಿತ್ತು. ಕುರುಬರು ಬೇಡವೆಂದರೆ ಕಲ್ಲೋಳಿ ಗೋಕಾಕದಲ್ಲಿ ಸೇರುವಂತಿರಲಿಲ್ಲ.

ಅವರು ಬೇಡವೆನ್ನುವುದಂತೂ ಖಂಡಿತವಿತ್ತು. ದೀಪಾವಳಿ ಮುಗಿದ ಮೇಲೆ ಹಟ್ಟಿ ಕುರಿಗಳನ್ನು ಹೊಡೆದುಕೊಂಡು ಪಡುವಣಕ್ಕೆ ಹೋದರೆ ಮತ್ತೆ ಬರುವುದು ಮಳೆಗಾಲದ ಹೊತ್ತಿಗೆ. ಅಲ್ಲಿಯ ತನಕ ಅವರ ಹುಡುಗರು ಸಾಲೆಯ ಬೋರ್ಡಿಂಗಿನಲ್ಲಿ ಉಳಿದು ಕಲಿಯುತ್ತಿದ್ದರು. ಮುರಿಗೆಪ್ಪ ಬರೆದ ಕರಾರಿನ ಪ್ರಕಾರ ಕಲ್ಲೋಳಿಯ ಸಾಲೆ ಉಳಿಯುತ್ತದೆ, ಬೋರ್ಡಿಂಗು ಮಾತ್ರ ಮುಚ್ಚಿ ಅದರ ಹೊಲ ಗೋಕಾಕದ ಬೋರ್ಡಿಂಗಿಗೆ ಸೇರುತ್ತದೆ. ಗೋಕಾಕದ ಬೋರ್ಡಿಂಗು ಒಬ್ಬ ದಾನಿ ಕಟ್ಟಿಸಿದ್ದು. ತನ್ನ ಸಮಾಜದ ಹುಡುಗರಿಗೆ ಮಾತ್ರ ಎಂದು ಅವನು ದಾನಪತ್ರದಲ್ಲಿ ಬರೆಸಿ ಸತ್ತಿದ್ದ.

"ವರ್ಗಣಿ ಕೊಟ್ಟಾರೇನು ಇವ್ರು?" ಚಂದಾ ಪಟ್ಟಿ ನೋಡುತ್ತ ವಕೀಲ ಕೇಳಿದ.

"ರೊಕ್ಕ ಕೊಟ್ಟಿಲ್ಲ. ವರ್ಷಾ ಬಿತ್ತಿಗಿ ಮುಂಚೆ ಸಾಲಿ ಹೊಲದಾಗ ಕುರಿ ಕೂಡ್ರಸ್ತಾರ. ಹಿಕ್ಕಿ ಬಿದ್ದು ಜ್ವಾಳ ಬೆಳೀತೈತಿ, ಆ ಜ್ವಾಳದಾಗ ಬೋರ್ಡಿಂಗ ನಡೀತೈತಿ. ಅದನ್ನ ವರ್ಗಣಿ ಅಂತ ಮಾಸ್ತರು ಹಿಡ್ದಿದ್ರು."

"ಎಷ್ಟು ಕುರಿ, ಏನು ಬೆಲಿ, ಬರದಿಲ್ಲಲ್ಲ?"

"ಅವ್ರು ಹೇಳಿದ್ರಲ್ಲ ಬರಿಯೂದು!" ಕೆಂಚಪ್ಪ ನಕ್ಕ. "ವೋಟು ಕೊಡೂದಿದ್ರ ಕುರಿಗೋಳಿಗೇ ಕೊಡ್ರಿ ವಕೀಲ್ರ. ಹೊಲಕ್ಕ ಬಂದವು ಅವಽ ಅಲ್ಲೇನು?"

ಮುರಿಗೆಪ್ಪ ನಗಲಿಲ್ಲ. ವರ್ಗಣಿಯನ್ನು ಮೂರು ತಿಂಗಳಿಗಿಂತ ಹೆಚ್ಚು ಬಾಕಿ ಇಟ್ಟವನಿಗೆ ಮತವಿಲ್ಲ, ಸದಸ್ಯರ ಎಣಿಕೆಯಲ್ಲೂ ಅವನನ್ನು ಹಿಡಿಯಬೇಕಿಲ್ಲ ಎಂಬ ಮಾತು ಅದೇ ಕಾಯ್ದೆಯಲ್ಲಿತ್ತು. ಅವನು ಟಾಕನ್ನು ಮತ್ತೆ ಎತ್ತಿಕೊಂಡ.

ಮೊದಲ ಸಭೆ ನವರಾತ್ರಿಯ ಮುಂದಿನ ವಾರ ಅದೇ ಕೋಣೆಯಲ್ಲಿ ಆಯಿತು. ಊರಿನ ಸದಸ್ಯರು ಮಣೆಗಳ ಮೇಲೆ ಕೂತರು. ಹಟ್ಟಿಯವರು ಕಂಬಳಿ ಹಾಸಿಕೊಂಡು ಬಾಗಿಲ ಕಡೆ ಕೂತರು. ಶೆಟ್ಟೆಪ್ಪ ಒಣಗಿದ ಮುದುಕ, ಎತ್ತರದ ಆಳು. ಅವನ ಸೊಸೆ ರಾಮವ್ವ ಒಳಗೆ ಬರದೆ ಕಿಡಕಿಯ ಹೊರಗೆ ನಿಂತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ಪರಸಪ್ಪ ಬೋರ್ಡಿಂಗಿನಲ್ಲಿದ್ದು ಏಳನೆಯ ಇಯತ್ತೆ ಓದುತ್ತಿದ್ದ. ಬರುವ ಬೇಸಿಗೆಯಲ್ಲಿ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದರೆ ಕನ್ನಡ ಸಾಲೆಯ ಮಾಸ್ತರಿಕೆ ಸಿಗುತ್ತಿತ್ತು. ಆ ಹಟ್ಟಿಯಲ್ಲಿ ಯಾರೂ ಅಲ್ಲಿಯ ತನಕ ಮುಟ್ಟಿರಲಿಲ್ಲ.

ವಕೀಲ ಕಾಯ್ದೆಯ ಮಾತು ಹೇಳಿ ಮುಗಿಸಿದ. ಶೆಟ್ಟೆಪ್ಪ ಎದ್ದು ನಿಂತ.

"ಕುರಿ ಕೂಡ್ರಿಸಿದ್ದು ಲೆಕ್ಕಕ್ಕಿಲ್ಲೇನ್ರಿ ಸಾಹೇಬ್ರ?"

"ಐತಿ. ಎಷ್ಟು ಕುರಿ, ಎಷ್ಟು ರಾತ್ರಿ, ಅಷ್ಟು ಹೇಳು ಸಾಕು. ಬೆಲಿ ಕಟ್ಟಿ ವರ್ಗಣಿ ಅಂತ ಜಮಾ ಹಿಡೀತೇನಿ. ನಿಮ್ಮ ವೋಟು ನಿಮಗ ಬರ್ತೈತಿ."

ಬಾಗಿಲ ಕಡೆ ಕೂತಿದ್ದವರು ಒಬ್ಬರ ಮೋರೆ ಒಬ್ಬರು ನೋಡಿದರು. ಯಾರೋ ಲೊಚಗುಟ್ಟಿದರು.

"ಕುರಿ ಇಷ್ಟು ಅಂತ ಬಾಯಿಲೆ ಅನ್ನೂದಿಲ್ರಿ ನಾವು," ಎಂದ ಶೆಟ್ಟೆಪ್ಪ. "ಎಣಸಿದ ಹಿಂಡು ಕರಗತೈತಿ. ಮಾರಿ ನೋಡಿ ಒಂದೊಂದನ್ನೂ ಗುರ್ತು ಹಿಡೀತೇವಿ, ಒಂದು ತಪ್ಪಿದ್ರೂ ತಿಳೀತೈತಿ. ಎಣಸೂದು ಮಾತ್ರ ಇಲ್ಲ."

ಮುಂದೆ ಕೂತಿದ್ದ ರೈತ ದುಂಡಪ್ಪ ತಿರುಗಿದ. "ಲೇ ಶೆಟ್ಟೆಪ್ಪ, ಕುರಿ ಎಣಸಬ್ಯಾಡೋ ಮಾರಾಯಾ. ಕಾಲು ಎಣಸಿ ನಾಕರಿಂದ ಭಾಗ್ಸು."

"ನಿನ್ನ ಮನಿ ಮಂದಿನ್ನ ಹಂಗ ಎಣಸ್ತಿಯೇನು? ಎರಡರಿಂದ ಭಾಗಸಬೇಕಾಗ್ತೈತಿ ನೋಡು, ನಿನ್ನೊಬ್ಬನ್ನ ಬಿಟ್ಟು."

ಎರಡೂ ಕಡೆಯವರು ನಕ್ಕರು. ದುಂಡಪ್ಪನೂ ನಕ್ಕ. ನಗು ಮುಗಿದ ಮೇಲೆ ಊರಿನವರು ಸೇರುವುದಕ್ಕೆ ಕೈ ಎತ್ತಿದರು. ವಕೀಲ, ಹಟ್ಟಿಯವರ ಮತಗಳನ್ನು ಸದ್ಯಕ್ಕೆ ಬೇರೆ ಇಡಲಾಗಿದೆ, ಎರಡನೆಯ ಸಭೆಯಲ್ಲಿ ಎಲ್ಲರ ಎದುರಿಗೆ ಕುರಿಗಳ ಲೆಕ್ಕ ಕೊಟ್ಟರೆ ಎರಡು ಸಭೆಗಳಿಗೂ ಅವನ್ನು ಹಿಡಿಯಲಾಗುವುದು, ಕೊಡದಿದ್ದರೆ ಬಿಡಲಾಗುವುದು ಎಂದು ಬರೆಯಿಸಿದ. ಶೆಟ್ಟೆಪ್ಪ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದ. ಸಾಹೇಬರು ಅವಕಾಶ ಕೊಟ್ಟರಲ್ಲ ಎಂದು ಕೈಯನ್ನೂ ಮುಗಿದ.

ಹದಿನೈದು ದಿನ ಬಿಟ್ಟು ರಾಮವ್ವ ಹುಕ್ಕೇರಿಗೆ ಬಂದಳು. ಉಳ್ಳಾಗಡ್ಡಿ ಹೇರಿದ ಬಂಡಿಯಲ್ಲಿ ಅರ್ಧ ದಾರಿ, ನಡೆದು ಅರ್ಧ ದಾರಿ. ಮುರಿಗೆಪ್ಪ ಕೋರ್ಟಿಗೆ ಹೋಗುವ ಕೋಟು ಹಾಕಿಕೊಳ್ಳುತ್ತಿದ್ದ. ಅವನ ಹೆಂಡತಿ ಹೊರಗಿನ ಕಟ್ಟೆಯ ಮೇಲೆ ಇವಳಿಗೆ ನೀರು, ಬೆಲ್ಲ ಕೊಟ್ಟಳು.

"ನೀವು ಬಾಗೇವಾಡಿಯವ್ರಂತಲ್ರಿ," ಎಂದಳು ರಾಮವ್ವ. "ನಿಮ್ಮ ಹೊಲದಾಗೂ ಕುರಿ ಕೂಡ್ರತಿರಬೇಕು."

"ಕೂಡ್ರತಿದ್ವು. ನಮ್ಮಪ್ಪ ರಾತ್ರಿಗಿಷ್ಟು ಅಂತ ಜ್ವಾಳ ಅಳದು ಕೊಡ್ತಿದ್ದ."

"ಎಷ್ಟು ಕುರಿ ಅಂತ ಕೇಳ್ತಿದ್ನೇನ್ರಿ?"

"ಇಲ್ಲ."

"ಹಂಗಾದ್ರ ನಿಮಗ ಗೊತ್ತೈತಿ."

"ನನಗ ಗೊತ್ತೈತಿ ತಂಗಿ. ಕಾಯ್ದೆಕ್ಕ ಗೊತ್ತಿಲ್ಲ."

ರಾಮವ್ವ ಬೆಲ್ಲವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಳು. ಆಮೇಲೆ ಹೇಳಿದಳು: "ನಾ ಎಣಸೇನ್ರಿ."

ಆ ಮಳೆಗಾಲದಲ್ಲಿ ಸಾಲೆಯ ಹೊಲದಿಂದ ಬೆಳಿಗ್ಗೆ ಹಿಂಡು ಹೊರಬೀಳುವಾಗ ಮುಳ್ಳುಬೇಲಿಯ ಸಂದಿಯಲ್ಲಿ ನಿಂತು ಎಣಿಸಿದ್ದಳು. ಇಪ್ಪತ್ತಾದಾಗ ಒಂದು ಹರಳು ಉಡಿಗೆ. ಎಣಿಸುವುದನ್ನು ಕಲಿಸಿದವನು ಮಗ. ಏಕೆ ಎಣಿಸಿದೆಯೆಂದರೆ ಅವಳಿಗೇ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. ಕಲಿತದ್ದನ್ನು ಒಮ್ಮೆ ಮಾಡಿ ನೋಡಬೇಕು ಅನಿಸಿತ್ತು, ಅಷ್ಟೆ. ಮೊದಲ ಸಭೆ ಆಗುವ ತನಕ ಯಾರಿಗೂ ಹೇಳಿರಲಿಲ್ಲ.

"ಸಭಾದಾಗ ನಾ ಹೇಳ್ತೇನಿ. ನಡೀತೈತೇನ್ರಿ?"

"ನೀ ಸದಸ್ಯಳಲ್ಲ. ನಿಮ್ಮ ಮಾವ ಒಪ್ಪಬೇಕು."

"ಅಂವಾ ಹೌದು ಅನ್ನಾಂವಲ್ರಿ. ಹಿರ್ಯಾನ ಮುಂದ ಯಾರರ ಲೆಕ್ಕ ಹೇಳಿ, ಖರೆ ಏನು ಅಂತ ಕೇಳಿದ್ರ, ಸುಳ್ಳು ಅಂತ ಅನ್ನಬೇಕು. ಅನ್ನಲಿಲ್ಲಂದ್ರ ಹಿಂಡಿನ ಪಾಪ ಅವನ ಮ್ಯಾಲ ಬರ್ತೈತಿ. ಕೇಳಲಿಲ್ಲಂದ್ರ ಸುಮ್ಮನ ಇರಬಹುದು. ಸುಮ್ಮನ ಇರ್ತೇನಿ ಅಂತ ನನಗ ಹೇಳ್ಯಾನ. ಮೊಮ್ಮಗನ ಸಲುವಾಗಿ ಅಷ್ಟು ಮಾಡ್ತೇನಿ ಅಂದಾನ. ಅದಽ ಅವಗ ಭಾಳ ಆತ್ರಿ."

ಮುರಿಗೆಪ್ಪ ಕೋಟಿನ ಗುಂಡಿ ಹಾಕುತ್ತ ನಿಂತ.

"ಸುಮ್ಮನಿದ್ರ ಒಪ್ಪಿದಂಗ," ಎಂದ. "ಕಾಯ್ದೆಕ್ಕ ಅಷ್ಟು ಸಾಕು."

"ಮತ್ತ ನೀವು ಅವನ್ನ ಕೇಳೂದಿಲ್ಲಲ್ರಿ?"

"ನಾ ಯಾಕ ಕೇಳ್ಲಿ?"

ಆ ಹೊತ್ತಿನಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಕೋರ್ಟಿಗೆ ನಡೆಯುತ್ತ, ಹೆಂಗಸು ಜಾಣೆ ಎಂದುಕೊಂಡ. ಕಲ್ಲೋಳಿ ಕೈತಪ್ಪಿ ಹೋದರೆ ಕಣಗಲಾದ ಕಡೆ ಎಲ್ಲಾದರೂ ಇನ್ನೊಂದು ಸಾಲೆ ಹುಡುಕಬಹುದು ಎಂದೂ ಯೋಚಿಸಿದ. ಮುಂದಿನ ವಾರ ಗೋಕಾಕಕ್ಕೆ ಹೋದಾಗ ಮಂಡಳಿಯ ಹಿರಿಯರು, ವಿಶ್ವವಿದ್ಯಾಲಯದ ಕಮಿಟಿ ಪುಷ್ಯಮಾಸದಲ್ಲಿ ನೋಡಲು ಬರುತ್ತದೆ, ಅಷ್ಟರೊಳಗೆ ಕಲ್ಲೋಳಿಯ ಹೊಲ ನಮ್ಮ ಹೆಸರಿನಲ್ಲಿ ಇರಬೇಕು, ಇಲ್ಲದಿದ್ದರೆ ಕಾಲೇಜು ಮತ್ತೆ ಎಷ್ಟು ವರ್ಷ ಮುಂದಕ್ಕೆ ಹೋಗುತ್ತದೋ ಎಂದರು. ಹೊಸ ಸಾಲೆ ಹುಡುಕುವ ಮಾತನ್ನು ಮುರಿಗೆಪ್ಪ ಎತ್ತಲಿಲ್ಲ.

ಎರಡನೆಯ ಸಭೆ ದೀಪಾವಳಿ ಕಳೆದ ಮೇಲೆ. ಸಭೆಗಾಗಿ ಹಟ್ಟಿ ಪಡುವಣಕ್ಕೆ ಹೊರಡದೆ ನಿಂತಿತ್ತು. ಸುತ್ತಲಿನ ಹುಲ್ಲು ಮುಗಿದು ಕುರಿಗಳು ಜಾಲಿಯ ತೊಗಟೆ ಕಡಿಯುತ್ತಿದ್ದವು. ಹಿಂಡನ್ನು ಸಾಲೆಯ ಹಿಂದಿನ ಬಯಲಲ್ಲಿ ನಿಲ್ಲಿಸಿ ಹಟ್ಟಿಯವರು ಒಳಗೆ ಬಂದು ಕೂತರು. ಕುರಿಗಳ ಒದರಾಟದಲ್ಲಿ ಕೆಂಚಪ್ಪ ಓದಿದ್ದು ಅರ್ಧ ಕೇಳಿಸಲಿಲ್ಲ.

"ಲೆಕ್ಕ ಕೊಡೂದಿದ್ರ ಈಗ ಕೊಡ್ರಿ," ಎಂದ ಕೆಂಚಪ್ಪ.

ರಾಮವ್ವ ಈ ಸಲ ಒಳಗೆ ಬಂದಳು. ತಲೆಯ ಮೇಲಿನ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಮಾತಾಡಲು ಅದನ್ನು ಬಿಟ್ಟಳು.

"ಒಂಬೈನೂರಾ ನಾಲ್ವತ್ತು ಕುರಿ. ಹನ್ನೊಂದು ರಾತ್ರಿ."

ಹಟ್ಟಿಯವರಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಬೀರಸಿದ್ದಪ್ಪ ಎಂಬ ನಡುವಯಸ್ಸಿನವನು, "ನಾಲಿಗಿ ಸೇದಿ ಹೋಗ್ಲಿ ನಿಂದು," ಎಂದು ಬೈದ. ಶೆಟ್ಟೆಪ್ಪ ಕೂತಲ್ಲೇ ಕೂತಿದ್ದ. ನೆಲ ನೋಡುತ್ತಿದ್ದ. ಎರಡೂ ಕೈಯಿಂದ ಕೋಲು ಹಿಡಿದಿದ್ದ.

ಸಭೆಯ ಬರಹ ನೋಡಿಕೊಳ್ಳುತ್ತಿದ್ದ ಈಗಿನ ಮಾಸ್ತರರು ಬೆಲೆ ಕಟ್ಟಲು ಸೀಸದಕಡ್ಡಿ ತೆಗೆದರು. ಕೆಂಚಪ್ಪ ವಕೀಲನ ಕಡೆ ನೋಡಿದ. ಮುದುಕ ಸುಮ್ಮನಿದ್ದ. ಇನ್ನು ಸ್ವಲ್ಪ ಹೊತ್ತು ಹೀಗೇ ಹೋದರೆ ಮಾಸ್ತರರು ಬರೆದುಬಿಡುತ್ತಿದ್ದರು. ಹಟ್ಟಿಯ ಮತಗಳು ಜಮಾ ಆಗುತ್ತಿದ್ದವು.

"ಶೆಟ್ಟೆಪ್ಪ," ಎಂದ ಮುರಿಗೆಪ್ಪ.

ಮುದುಕ ತಲೆ ಎತ್ತಿದ.

"ನಿನ್ನ ಸೊಸಿ ಹೇಳಿದ ಲೆಕ್ಕ ಖರೆನೋ, ಸುಳ್ಳೋ?"

ರಾಮವ್ವ ವಕೀಲನ ಕಡೆ ತಿರುಗಿದಳು. ಅವನು ಕಾಗದ ನೋಡುತ್ತಿದ್ದ.

ಶೆಟ್ಟೆಪ್ಪ ಏಳಲು ಬಹಳ ಹೊತ್ತು ತೆಗೆದುಕೊಂಡ. ಕಿಡಕಿಯ ಆಚೆ ಪರಸಪ್ಪ ಬೋರ್ಡಿಂಗಿನ ಹುಡುಗರ ನಡುವೆ ನಿಂತಿದ್ದ. ಮುದುಕ ಒಮ್ಮೆ ಅವನನ್ನು ನೋಡಿದ. ಅವನ ಹಿಂದೆ ಬಯಲಲ್ಲಿ ಹಿಂಡು ಇತ್ತು. ಇಡೀ ಹಟ್ಟಿ ಉಣ್ಣುತ್ತಿದ್ದುದು ಅದರಿಂದ.

"ಸುಳ್ಳು," ಎಂದ.

"ಜೋರಾಗಿ ಹೇಳು. ಬರ್ಕೋಬೇಕು."

"ಸುಳ್ಳು ಐತ್ರಿ. ಅಕಿ ಸುಳ್ಳು ಹೇಳ್ಯಾಳ."

ಬಾಗಿಲಿಗೆ ಹೋಗಿ ಹೊರಗೆ ಮಣ್ಣಿನ ಮೇಲೆ ಉಗುಳಿ ಬಂದು ಕೂತ.

ಮುರಿಗೆಪ್ಪ ಬರೆಯಿಸಿದ: ಕುರಿಗಳ ಲೆಕ್ಕವನ್ನು ಸದಸ್ಯ ಶೆಟ್ಟೆಪ್ಪನು ಸ್ವತಃ ಅಲ್ಲಗಳೆದನು, ಆದ್ದರಿಂದ ವರ್ಗಣಿ ಬಾಕಿ ಎಂದು ತಿಳಿದು ಮತಗಳನ್ನು ಬಿಡಲಾಯಿತು. ಉಳಿದವರು ಕೈ ಎತ್ತಿದರು. ದುಂಡಪ್ಪನ ಕೈ ಅರ್ಧಕ್ಕೆ ಎದ್ದು ನಿಂತಿತ್ತು. ಕೆಂಚಪ್ಪ, "ಪೂರಾ ಎತ್ತೋ, ಕಂಕುಳದಾಗ ಏನು ಮುಚ್ಚಿಟ್ಟಿ?" ಎಂದ. ದುಂಡಪ್ಪ ಪೂರಾ ಎತ್ತಿದ. ಕಲ್ಲೋಳಿ ಗೋಕಾಕದಲ್ಲಿ ಸೇರಿತು.

ಹಟ್ಟಿಯವರು ಅವತ್ತೇ ಹೊರಟರು. ಹೊರಡುವ ಮೊದಲು ಬೇವಿನ ಗಿಡದ ಕೆಳಗೆ ಕೂತು ರಾಮವ್ವನ ನ್ಯಾಯ ಮುಗಿಸಿದರು. ಬರುವ ಅಮಾವಾಸ್ಯೆಯ ತನಕ ಅವಳು ಹಿಂಡಿನ ಹತ್ತಿರ ಬರಕೂಡದು, ಮರಿ ಮುಟ್ಟಕೂಡದು, ಹಾಲು ಹಿಂಡಕೂಡದು. ಆ ಮಳೆಗಾಲದಿಂದ ಈಚೆಗೆ ಸತ್ತ ಮರಿಗಳನ್ನೆಲ್ಲ ಅವಳ ಲೆಕ್ಕಕ್ಕೆ ಹಾಕಿದರು. ಶೆಟ್ಟೆಪ್ಪ ಅದನ್ನು ಅಲ್ಲಗಳೆಯಲಿಲ್ಲ.

ಬೋರ್ಡಿಂಗಿನ ಕೀಲಿಯನ್ನು ಕೆಂಚಪ್ಪ ಸಂಘದ ಪರವಾಗಿ ವಕೀಲನ ಕೈಗೆ ಕೊಟ್ಟ. ಊಟ, ಎಲೆ ಅಡಿಕೆ ಆಗಿ ಇಬ್ಬರೂ ಗೋಕಾಕಕ್ಕೆ ಹೊರಟಾಗ ಬಿಸಿಲು ಇಳಿದಿತ್ತು. ಊರು ದಾಟಿ ಸ್ವಲ್ಪ ದೂರದಲ್ಲಿ ಮೋಟಾರು ನಿಂತಿತು. ರಸ್ತೆಯ ತುಂಬ ಅಡ್ಡ ದಾಟುವ ಕುರಿ.

"ಇನ್ನ ಅರ್ಧ ತಾಸು," ಎಂದ ಡ್ರೈವರ. ಕೆಳಗಿಳಿದು ಹಿಂದಿನ ಒಲೆಗೆ ಇದ್ದಿಲು ಹಾಕಲು ಹೋದ.

ಹಿಂಡು ಎರಡೂ ಬದಿಯಿಂದ ಮೋಟಾರನ್ನು ಒರಸಿಕೊಂಡು ಹೋಗುತ್ತಿತ್ತು. ಮುಂದೆ ಶೆಟ್ಟೆಪ್ಪನ ಬಿಳಿ ರುಮಾಲು. ಅವನ ಬಾಜೂ ಪರಸಪ್ಪ, ಕೈಯಲ್ಲಿ ಕೋಲು, ತಲೆಯ ಮೇಲೆ ಸಾಲೆಯ ಕರಿ ಟೊಪ್ಪಿಗೆ ಹಾಗೇ ಇತ್ತು. ಹುಡುಗ ತಪ್ಪಿಹೋಗುತ್ತಿದ್ದ ಒಂದು ಟಗರನ್ನು ಕೋಲಿನಿಂದ ತಿರುವಿದ. ಚೆನ್ನಾಗಿಯೇ ತಿರುವಿದ.

"ಎಣಸ್ರಿ ವಕೀಲ್ರ," ಎಂದ ಕೆಂಚಪ್ಪ, ಎಲೆ ಅಡಿಕೆ ಉಗುಳಿ. "ಹೆಂಗೂ ಖಾಲಿ ಕುಂತೇವಿ. ಅಕಿ ಖರೆ ಹೇಳಿದ್ಲೋ ಏನೋ ನೋಡೂಣು."

ಎಣಿಸುವ ಮನಸ್ಸು ಮುರಿಗೆಪ್ಪನಿಗಿರಲಿಲ್ಲ. ಆದರೆ ಹಿಂಡು ಅವನ ಕಣ್ಣ ಮುಂದೆಯೇ ಹೋಗುತ್ತಿತ್ತು, ಕಣ್ಣು ಮುಚ್ಚಿಕೊಳ್ಳುವ ಹಾಗಿರಲಿಲ್ಲ. ಬಹಳ ಇದ್ದವು. ಇಷ್ಟು ಕುರಿ ಹನ್ನೊಂದು ರಾತ್ರಿ ಕೂತ ಹೊಲಕ್ಕೆ ಅವನಪ್ಪನಾದರೆ ಎಷ್ಟು ಚೀಲ ಜೋಳ ಅಳೆದು ಕೊಡುತ್ತಿದ್ದ ಎಂಬುದು ಅವನಿಗೆ ಗೊತ್ತಿತ್ತು. ಒಬ್ಬ ಸದಸ್ಯನ ವರ್ಗಣಿ ಒಂದು ಚೀಲವೂ ಆಗುತ್ತಿರಲಿಲ್ಲ.

ಹಿಂಡು ಮುಗಿದು, ಸಾಮಾನು ಹೊತ್ತ ಕುದುರೆಗಳು ದಾಟಿ, ಧೂಳು ತಗ್ಗಿದ ಮೇಲೆ ರಾಮವ್ವ ಕಂಡಳು. ಹಿಂಡಿನಿಂದ ಬಹಳ ಹಿಂದೆ ಒಬ್ಬಳೇ ಬರುತ್ತಿದ್ದಳು. ತಲೆಯ ಮೇಲೆ ಮಗನ ಬೋರ್ಡಿಂಗಿನ ತಗಡಿನ ಟ್ರಂಕು. ಮೋಟಾರಿನ ಹತ್ತಿರ ಬಂದು ನಿಂತಳು.

"ಸುಮ್ಮನಿದ್ರ ಸಾಕು ಅಂದಿದ್ರಿ," ಎಂದಳು. "ಮತ್ತ ಯಾಕ ಕೇಳಿದ್ರಿ?"

ಕೆಂಚಪ್ಪ, "ದಾರಿ ಬಿಡವಾ," ಎಂದ. ಅವಳು ಅವನನ್ನು ನೋಡಲಿಲ್ಲ.

"ಕೇಳೂದು ನನ್ನ ಕೆಲಸ ತಂಗಿ," ಎಂದ ಮುರಿಗೆಪ್ಪ. ಟ್ರಂಕಿನ ಕಡೆ ನೋಡಿ, "ಹುಡುಗ ಶಾಣ್ಯಾ ಅದಾನ. ಪುಸ್ತಕ ಜೋಡಿ ಇರಲಿ. ಮುಂದ ಯಾವಾಗರ ಪರೀಕ್ಷಾಕ್ಕ ಕೂಡ್ರಬಹುದು," ಎಂದ.

"ಕುರಿ ಹಿಂದ ಹೋದಾಂವ ಯಾವ ಪರೀಕ್ಷಾಕ್ಕ ಕೂಡ್ರತಾನ್ರಿ? ನಿಮಗೂ ಗೊತ್ತೈತಿ." ಟ್ರಂಕು ಜಾರುತ್ತಿತ್ತು. ಒಂದು ಕೈಯಿಂದ ಅದನ್ನು ಸರಿಮಾಡಿಕೊಂಡಳು. "ಈಗ ನಾ ಕೇಳ್ತೇನಿ. ಹಿಂಡು ನಿಮ್ಮ ಮುಂದಽ ಹೋತು. ನಾ ಹೇಳಿದ ಲೆಕ್ಕ ಖರೆನೋ, ಸುಳ್ಳೋ?"

ಡ್ರೈವರ ಕೈ ಒರಸಿಕೊಂಡು ಬಂದು ತನ್ನ ಜಾಗದಲ್ಲಿ ಕೂತ. ಕೆಂಚಪ್ಪ ವಕೀಲನ ಮೋರೆ ನೋಡಿದ, ಏನೋ ಚೇಷ್ಟೆಯ ಮಾತು ಬರುತ್ತದೆ ಎಂಬಂತೆ.

ಮುರಿಗೆಪ್ಪ ಸುಮ್ಮನಿದ್ದ.

ರಾಮವ್ವ ಕಾದಳು. ಆಮೇಲೆ ಉತ್ತರ ಸಿಕ್ಕಿತೆಂಬಂತೆ ತಲೆ ಆಡಿಸಿ ರಸ್ತೆಯ ಅಂಚಿಗೆ ಸರಿದಳು. ಮೋಟಾರು ಎರಡು ಸಲ ಕೆಮ್ಮಿ ಚಾಲೂ ಆಯಿತು. ಅದರ ಹೊಗೆ ಅವಳ ಮೇಲೆ ಬಿತ್ತು. ಹೊಗೆ ಹೋಗುವ ತನಕ ಅವಳು ಅಲ್ಲೇ ನಿಂತಿದ್ದು, ಹಿಂಡು ಇನ್ನಷ್ಟು ದೂರವಾಗಲೆಂದು ಮತ್ತೂ ಸ್ವಲ್ಪ ಹೊತ್ತು ನಿಂತು, ನಡೆಯತೊಡಗಿದಳು.